ಗುಣದಲ್ಲಿ ಫೇಲು

ಟೇಲರ್ ಮಾಮ ದೇವಶಾಸ್ತ್ರದ ಶಾಲೆಗೆ ಸೇರಿದ್ದು ನಲವತ್ತು ದಾಟಿದ ಮೇಲೆ. ಪರರ ಪ್ಯಾಂಟು ಹೊಲಿದದ್ದು ಸಾಕು, ಇನ್ನು ಆತ್ಮಗಳ ಹರಕು ಹೊಲಿಯೋಣ ಅಂತ ಹೊಲಿಗೆ ಮಿಷನ್ ಬಿಟ್ಟು ದೇವರ ಮಿಷನ್ ಸೇರಿದವರು. ಊರಿನ ಚರ್ಚಿನ ಪುಟ್ಟ ಸಭೆಗೆ ಪ್ರಸಂಗ ಹೇಳುವ ಪಾಲಕರಿರಲಿಲ್ಲ. ಪಾಸಾಗಿ ಬಂದರೆ ಆ ಕೆಲಸ ಮಾಮನದೇ ಅಂತ ಮಾತಾಗಿತ್ತು.

ಗ್ರೀಕು ತಿಣುಕಾಡಿ ಪಾಸಾಯಿತು, ಹೀಬ್ರೂ ದೇವರ ದಯೆಯಿಂದ ಆಯಿತು. ಕೈಕೊಟ್ಟದ್ದು 'ಗುಣ'. ಆ ಶಾಲೆಯಲ್ಲಿ ನಡತೆಗೂ ಒಂದು ಪರೀಕ್ಷೆ. ಪ್ರಿನ್ಸಿಪಾಲರು ಎದುರಿಗೆ ಕೂರಿಸಿಕೊಂಡು, ನಿಮ್ಮ ವಿನಯಕ್ಕೆ ನೂರಕ್ಕೆ ಎಷ್ಟು ಕೊಟ್ಟುಕೊಳ್ಳುತ್ತೀರಿ ಅಂತ ಕೇಳುತ್ತಿದ್ದರು. ಜಾಣರೆಲ್ಲ ತಲೆ ತಗ್ಗಿಸಿ ಸೊನ್ನೆ ಅಂದು ರ‍್ಯಾಂಕು ಹೊಡೆದರು. ಮಾಮ ತಮ್ಮನ್ನೇ ಟೇಪು ಹಿಡಿದು ಅಳೆದವರ ಹಾಗೆ ಯೋಚಿಸಿ, "ತೊಂಬತ್ತೆರಡು ಸಾರ್. ಹೊಲಿಗೆ ಒಳಗೆ ಸ್ವಲ್ಪ ಬಟ್ಟೆ ಬಿಟ್ಟಿದೀನಿ" ಅಂದರು.

ಪ್ರಿನ್ಸಿಪಾಲರು ಮೆತ್ತಗಿನ ಮನುಷ್ಯ. ಫೇಲು ಅನ್ನುವ ಮಾತು ಬಾಯಿಗೆ ಬಾರದೆ, ಮಾಮನ ಹೆಂಡತಿಗೆ ಫೋನಿನಲ್ಲಿ, "ನಿಮ್ಮವರಿಗೆ ಗುಣ ಒಂದು ಆಗಲಿಲ್ಲಮ್ಮ" ಅಂದುಬಿಟ್ಟರು.

ಮರುದಿನ ಹಾಸ್ಟೆಲಿನ ಮುಂದೆ ವ್ಯಾನು ನಿಂತಿತು. ಹೆಂಡತಿಯ ಕೈಯಲ್ಲಿ ಫ್ಲಾಸ್ಕು, ಅತ್ತೆಯ ಹೆಗಲಲ್ಲಿ ಕಂಬಳಿ, ಹಿಂದೆ ಕಿತ್ತಳೆ ಹಿಡಿದ ಸಭೆಯ ಹಿರಿಯರು. ಮಾಮ ಏನೋ ಹೇಳಲು ಬಾಯಿ ತೆರೆದರೆ ಥರ್ಮಾಮೀಟರು ಒಳಗೆ ಹೋಯಿತು. ಫೇಲಾದ ಅಳಿಯನಿಗಿಂತ ಜ್ವರ ಬಂದ ಅಳಿಯನಿಗೇ ಮರ್ಯಾದೆ ಜಾಸ್ತಿ ಅಂತ ಹೊಳೆದದ್ದೇ, ಮಲಗಿ ಎರಡು ಸಲ ಕೆಮ್ಮಿಯೂ ಬಿಟ್ಟರು. ಆದರೆ ಹಿರಿಯರು ಮಂಚದ ಸುತ್ತ ಮೊಣಕಾಲೂರಿ ಕಣ್ಣೀರಿಟ್ಟು ಪ್ರಾರ್ಥಿಸತೊಡಗಿದಾಗ ತಡೆಯಲಾಗಲಿಲ್ಲ. ಎದ್ದು ಕೂತರು.

"ನಿಲ್ಸಿ ಅಣ್ಣ. ಅರ್ಜಿ ತಪ್ಪಾಗಿ ಹೋಗ್ತಿದೆ. ನಂಗೆ ಕಾಯಿಲೆ ಇಲ್ಲ, ವಿನಯದಲ್ಲಿ ಫೇಲಾಗಿದೀನಿ."

ಹೆಂಡತಿ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಮುಚ್ಚಿದರು. "ಅದಕ್ಕೆ ಪರೀಕ್ಷೆ ಬೇರೆ ಬೇಕಿತ್ತೇನ್ರೀ? ನನ್ನ ಕೇಳಿದ್ರೆ ಹೇಳ್ತಿರ್ಲಿಲ್ವಾ?"

ಬಾಗಿಲಲ್ಲಿ ಬಂದು ನಿಂತಿದ್ದ ಪ್ರಿನ್ಸಿಪಾಲರ ಕಡೆ ಹಿರಿಯರು ತಿರುಗಿದರು. ಹಿಂದಿನ ಪಾಲಕರೂ ಇದೇ ಶಾಲೆಯವರು. ವಿನಯಕ್ಕೆ ಬಂದ ಚಿನ್ನದ ಪದಕವನ್ನು ಭಾನುವಾರ ಭಾನುವಾರ ಪ್ರಸಂಗದ ನಡುವೆ ತೋರಿಸುತ್ತಿದ್ದರಂತೆ. "ಸಾರ್, ಈ ಫೇಲಾದವರನ್ನೇ ಕೊಟ್ಬಿಡಿ. ಇವರ ಹತ್ರ ತೋರ್ಸೋಕೆ ಏನೂ ಇಲ್ಲ."

ಪ್ರಿನ್ಸಿಪಾಲರು ನಿಯಮದ ಪುಸ್ತಕ ತಿರುವಿ ಹಾಕಿದರು. ಗ್ರೀಕು ಬಾರದವರನ್ನು ಕಳಿಸಬಾರದು ಅಂತಿತ್ತು. ಗುಣವಿಲ್ಲದವರ ಬಗ್ಗೆ ಯಾರೂ ಏನೂ ಬರೆದಿರಲಿಲ್ಲ. ಕಳಿಸಲು ಒಪ್ಪಿದರು.

ಎಲ್ಲರೂ ವ್ಯಾನು ಹತ್ತಿದರೂ ಮಾಮ ಮಾತ್ರ ಪ್ರಿನ್ಸಿಪಾಲರ ಪಕ್ಕದಲ್ಲೇ ನಿಂತಿದ್ದರು.

"ಬಂದೆ ಇರಿ. ಮರುಮೌಲ್ಯಮಾಪನಕ್ಕೆ ಹಾಕೇ ಬರ್ತೀನಿ. ಎಲ್ಲರ ಎದುರಿಗೆ ಒಪ್ಕೊಂಡೆನಲ್ಲ, ಅದಕ್ಕೂ ಮಾರ್ಕು ಸೇರ್ಬೇಕು."