ಮಡ್ಡಿಯ ಮೇಲೆ ಹಾರಿದ ರಾಕೆಟ್ಟಿನ ಇತಿಹಾಸ

ಇದು ಆಗುವ ಮಾತಲ್ಲ ಎಂದವರು ನನ್ನ ಎಂ.ಎ. ಪ್ರಬಂಧಕ್ಕೆ ಮಾರ್ಗದರ್ಶಕರಾಗಿದ್ದ ಸರ್. ಗಡಿಯಾಚೆ ಮರಾಠಿ ಸೀಮೆಯ ತಿಕೋಂಡಿ ಕಡೆಯ ನಮ್ಮೂರ ಮಡ್ಡಿಯ, ಎಂದರೆ ಕಲ್ಲುಬಯಲಿನ, ಮೇಲೆ ಶಹರದ ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಪ್ರಯೋಗಕ್ಕೆಂದು ಒಂದು ರಾಕೆಟ್ಟು ಹಾರಿಸಿದ್ದರು. ಅದರ ಇತಿಹಾಸ ಬರೆಯುತ್ತೇನೆ ಎಂದೆ. ಸರ್ ಚಹಾದ ಕಪ್ಪನ್ನೂ ಕೆಳಗಿಡಲಿಲ್ಲ.

"ಕುರಿ ಕಾಯೂ ಮನಿಯಾಕಿ ರಾಕೆಟ್ಟಿನ ಇತಿಹಾಸ ಬರೀತಿಯೇನ ತಂಗಿ? ಡೊಳ್ಳಿನ ಪದ ಭಾಳ ಅದಾವಲ್ಲ ನಿಮ್ಮಲ್ಲಿ, ಅವನ್ನ ಬರಿ."

ನಮ್ಮ ಮನೆತನದಲ್ಲಿ ಡಿಗ್ರಿ ಕಂಡವಳು ನಾನೇ ಮೊದಲು. ಡೊಳ್ಳಿನ ಪದದ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ನಾನು ಬರೆಯಲು ಹೊರಟಿದ್ದು ನನ್ನ ಕಾಕಾನ ಮಾನ ಉಳಿಸುವುದಕ್ಕೆ.

ಕಾಕಾ ತನ್ನ ಕುರಿಗಳ ಜೊತೆಗೆ ಊರಿನ ನಾಲ್ಕು ಮನೆಗಳ ಕುರಿಗಳನ್ನೂ ಮೇಯಿಸುತ್ತಿದ್ದ. ಅದಕ್ಕೆ ಕಾಗದ ಪತ್ರ ಏನೂ ಇಲ್ಲ, ಕುರಿಗಾರನ ಮೇಲಿನ ನಂಬಿಕೆಯೇ ಎಲ್ಲ. ಅವತ್ತು ಮುಂಜಾನೆ ಗಾಳಿ ಮೂಡಣದಿಂದ ಬೀಸುತ್ತಿತ್ತು. ರಾಕೆಟ್ಟು ಮೂಡಣಕ್ಕೇ ಹೋಗುತ್ತದೆಂದು ಲೆಕ್ಕ ಹಾಕಿ, ಹಿಂಡನ್ನು ಪಡುವಣಕ್ಕೆ ಒಯ್ದು ನಿಲ್ಲಿಸು ಎಂದು ಹುಡುಗರೇ ಕಾಕಾನಿಗೆ ಹೇಳಿದರು. ಬಿಸಿಲೇರುವ ಹೊತ್ತಿಗೆ ಕುರಿಗಳೆಲ್ಲ ಒಮ್ಮೆಲೇ ಪಡುವಣಕ್ಕೆ ಮೋತಿ ತಿರುಗಿಸಿದವು. ಬಿಸಿಲಿನಲ್ಲಿ ಕುರಿ ಗಾಳಿಗೆ ಎದುರಾಗಿ ಮೇಯುತ್ತದೆ. ಬಾಲಕ್ಕೆ ರೆಕ್ಕೆ ಕಟ್ಟಿದ ರಾಕೆಟ್ಟೂ ಹಾಗೆಯೇ, ಗಾಳಿ ಬಂದ ಕಡೆಗೇ ಮೂತಿ ಹೊರಳಿಸುತ್ತದೆ. ಎರಡನೆಯದನ್ನು ನಾನು ಪುಸ್ತಕ ಓದಿ ತಿಳಿದೆ. ಮೊದಲನೆಯದು ಕಾಕಾನಿಗೆ ಹುಟ್ಟಿದಾಗಿನಿಂದ ಗೊತ್ತು. ಗಾಳಿ ತಿರುಗಿದೆ, ತುಸು ತಡೆಯಿರಿ ಎಂದು ಅವನು ಆ ಶಹರದ ಹುಡುಗರಿಗೆ ತಿಳಿಯಲೆಂದು ಮರಾಠಿಯಲ್ಲಿ ಕೂಗಿ ಹೇಳಿದ. ಅವರು ನಕ್ಕರು, ಹಾರಿಸಿದರು. ರಾಕೆಟ್ಟು ಪಡುವಣಕ್ಕೆ ಬಾಗಿ ಹಿಂಡಿನ ನಡುವೆ ಬಿತ್ತು. ಗಬ್ಬದ ಕುರಿಯೊಂದು ಸತ್ತಿತು. ಅದು ಬೇರೆ ಮನೆಯದು.

ಆ ಕಾಲೇಜಿನ ವರದಿಯಲ್ಲಿ ಬರೆದದ್ದು ಹೀಗೆ: ಕುರಿಗಾಹಿಯು ಸೂಚನೆ ಮೀರಿ ಹಿಂಡನ್ನು ಅಪಾಯದ ಜಾಗಕ್ಕೆ ನುಗ್ಗಿಸಿದನು. ಆ ಮಾತು ಊರಿಗೂ ಬಂತು. ನಾನು ಹೇಳಿದ್ದೆ, ಅವರು ಕೇಳಲಿಲ್ಲ ಎಂದು ಕಾಕಾ ಎಷ್ಟು ಹೇಳಿದರೂ ಸುಳ್ಳ ಎನಿಸಿಕೊಂಡ. ಎರಡು ಮನೆಯವರು ತಮ್ಮ ಕುರಿಗಳನ್ನು ಹಿಂಡಿನಿಂದ ಬೇರೆ ಮಾಡಿಕೊಂಡು ಹೋದರು. ಮರಿಗಳು ಹಿಂತಿರುಗಿ ನೋಡುತ್ತ ಹೋದವು, ಕಾಕಾ ನೋಡಲಿಲ್ಲ.

ರಾಕೆಟ್ಟು ಹಾರಿಸಿದವರಲ್ಲಿ ಒಬ್ಬ, ಕಾಲೇಜು ಮುಗಿಸಿ ಹೋದವನು, ನಾನು ಹತ್ತು ಸಲ ಫೋನು ಮಾಡಿದ ಮೇಲೆ ತನ್ನ ಮೊಬೈಲಿನ ವಿಡಿಯೋ ಕಳಿಸಿದ. ಅದರಲ್ಲಿ ಎಲ್ಲವೂ ಇತ್ತು: ಪಡುವಣಕ್ಕೆ ಹೋಗು ಎಂದು ತೋರಿಸುವ ಕೈ, ಮೋತಿ ತಿರುಗಿಸಿದ ಕುರಿಗಳು, ಕಾಕಾನ ಕೂಗು, ಅವರ ನಗೆ. ಅದನ್ನು ಸರ್‌ಗೆ ತೋರಿಸಿದೆ. ಅವರು ಪೂರ್ತಿ ನೋಡಿದರು. ನೋಡಿ, "ಖರೇ ಐತಿ, ಆದ್ರ ಈ ಅಧ್ಯಾಯ ತಗದ ಬಿಡು. ಆ ಕಾಲೇಜಿನವರು ನಮಗ ಬೇಕಾದವರು. 'ಅಕಸ್ಮಾತ್ ಗಾಳಿ ಬೀಸಿತು' ಅಂತ ಬರಿ, ಸಾಕು," ಎಂದರು. ಖರೇ ಅಲ್ಲ ಎಂದಿದ್ದರೆ ನನಗೆ ಸಿಟ್ಟು ಬರುತ್ತಿತ್ತು. ಖರೇ ಐತಿ ಎಂದದ್ದಕ್ಕೆ ಹೇಸಿಗೆ ಬಂತು.

ನಾನು ಒಂದು ಸಾಲನ್ನೂ ತೆಗೆಯಲಿಲ್ಲ. ಪ್ರಬಂಧ ಒಪ್ಪಿಸುವ ಕೊನೆಯ ದಿನ ಸರ್‌ಗೆ ಯಾವುದೋ ಲಗ್ನಕ್ಕೆ ಹೋಗುವ ಅವಸರ. ತೆಗೆದೆಯಾ ಎಂದು ಕೇಳಲಿಲ್ಲ, ಪುಟ ತಿರುವಲಿಲ್ಲ, ನಿಂತಲ್ಲೇ ಸಹಿ ಹಾಕಿದರು. ಎರಡು ವರ್ಷದ ನನ್ನ ದುಡಿತಕ್ಕೆ ಅವರು ಕೊಟ್ಟ ಹೊತ್ತು ಅಷ್ಟೇ. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕಿ ಬಾಯಿಯವರು ವಿಡಿಯೋ ಎರಡು ಸಲ ನೋಡಿದರು. ಆ ವರದಿಯನ್ನು ಪಕ್ಕಕ್ಕಿಟ್ಟುಕೊಂಡು ಸಾಲು ಸಾಲು ಕೇಳಿದರು, ನಾನು ಹೇಳಿದೆ. ಇದನ್ನು ಅಚ್ಚು ಹಾಕಿಸಬೇಕು ಎಂದರು. ಪಕ್ಕದಲ್ಲಿ ಕುಳಿತಿದ್ದ ಸರ್, "ನಾನಽ ಹೇಳಿದ್ನಿರಿ, ಇದನ್ನ ಬಿಡಬ್ಯಾಡ ಅಂತ," ಎಂದರು. ನನ್ನ ಮುಖ ನೋಡಿಯೇ ಹೇಳಿದರು. ಈಗ ಆ ಮಾತು ನೆನಪಾದರೂ ಬಾಯಿ ಮುಕ್ಕಳಿಸಬೇಕು ಎನಿಸುತ್ತದೆ.

ಎಂ.ಎ. ಪ್ರಮಾಣಪತ್ರ ಕೊಡುವ ದಿನ ಕಾಕಾ ಹಿಂಡನ್ನು ತನ್ನ ಹೆಂಡತಿ, ನಮ್ಮ ಕಾಕುಗೆ ಒಪ್ಪಿಸಿ ನನ್ನ ಜೊತೆ ಬಂದಿದ್ದ. ವೇದಿಕೆಯ ಮೇಲೆ ಅದನ್ನು ನನ್ನ ಕೈಗೆ ಕೊಟ್ಟವರೂ ಅದೇ ಸರ್. ಫೋಟೋಕ್ಕೆ ನಗು ಎಂದರು, ನಾನು ನಗಲಿಲ್ಲ. ಕೆಳಗಿಳಿದು ಕಾಕಾನ ಕೈಯಲ್ಲಿಟ್ಟೆ. ಅವನು ಅಂಗೈ ಧೋತರಕ್ಕೆ ಒರೆಸಿಕೊಂಡು ಹಿಡಿದ, ಹಿಂದೆ ಮುಂದೆ ನೋಡಿದ.

"ನಾ ಹೇಳಿದ ಮಾತು ಇದರಾಗ ಐತೇನ?"

ಇದರಲ್ಲಿ ಇಲ್ಲ, ನಾನು ಬರೆದ ಪುಸ್ತಕದಲ್ಲಿದೆ, ಅದನ್ನು ನಮ್ಮ ಕಾಲೇಜಿನ ಲೈಬ್ರರಿಯಲ್ಲಿ ಇಟ್ಟಿದ್ದಾರೆ ಎಂದೆ. ಕಾಕಾ ಪ್ರಮಾಣಪತ್ರ ನನಗೆ ಮರಳಿಸಿದ.

"ನಂಗ ಸುಳ್ಳ ಅಂದವರು ಲೈಬ್ರರ್‍ಯಾಗ ಇಲ್ಲ ಯವ್ವಾ, ಊರಾಗ ಅದಾರ. ಆ ಪುಸ್ತಕ ತಗೊಂಡ ಬಾ, ಊರಾಗ ಅವರ ಮುಂದ ಕುಂತು ಓದು."