ಗಾಜಿನ ಹಂಚಿನ ಮಾಸ್ತರು

ನಮ್ಮ ಮಾಸ್ತರರ ಹಣೆಯ ಮೇಲೆ ಅಡ್ಡಕ್ಕೆ ಒಂದು ಬಿಳಿಚಿದ ಗೆರೆಯಿತ್ತು. ದೂರದಿಂದ ನೋಡಿದವರು ವಿಭೂತಿ ಅಂದುಕೊಳ್ಳುತ್ತಿದ್ದರು. ಹತ್ತಿರ ಬಂದರೆ ಅದು ಗಾಯದ ಗುರುತು ಎಂದು ಗೊತ್ತಾಗುತ್ತಿತ್ತು. ನಮ್ಮ ಶಾಲೆಯ ಹಳೆಯ ಕೋಣೆಯ ಬಾಗಿಲ ಚೌಕಟ್ಟು ತಗ್ಗು, ಅವರು ಎತ್ತರದ ಆಳು. ಹೊರಗಿನ ಬಿಸಿಲಿನಿಂದ ಒಳಗಿನ ಕತ್ತಲೆಗೆ ಕಾಲಿಟ್ಟ ಕೂಡಲೇ ಕಣ್ಣು ಕಟ್ಟಿದಂತಾಗುತ್ತದಲ್ಲ, ಆ ಗಳಿಗೆಯಲ್ಲಿ ತಲೆ ಬಡಿಯುತ್ತಿತ್ತು. ಮಾಯುವ ಮೊದಲೇ ಮತ್ತೆ ಬಡಿದು ಆ ಗೆರೆ ಅಲ್ಲೇ ಉಳಿದುಬಿಟ್ಟಿತ್ತು. ನಾವು ಕಿಸಕ್ಕೆಂದರೆ, "ನಗ್ರಿ ನಗ್ರಿ. ಈ ಖೋಲಿಗಿ ನನ್ನ ತಲಿನ ಬೇಕಂತ, ನಿಮ್ಮ ತಲಿಯಾಗ ಏನೂ ಇಲ್ಲಂತ" ಅನ್ನುತ್ತಿದ್ದರು.

ಗದಗದಿಂದ ಮುಂಡರಗಿ ಕಡೆ ಹೋಗುವ ಹಾದಿಯ ಊರು ನಮ್ಮದು. ಶಾಲೆಯ ಆ ಕೋಣೆಗೆ ಇದ್ದ ಎರಡು ಕಿಟಕಿಗಳಲ್ಲಿ ಒಂದರ ಆಚೆ ಗೋದಾಮಿನ ಗೋಡೆ. ಇನ್ನೊಂದನ್ನು ರಸ್ತೆಯ ಧೂಳಿಗೆ ಹೆದರಿ ಮುಚ್ಚಿಯೇ ಇಡುತ್ತಿದ್ದರು. ಕರೆಂಟು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಹಂಚಿನ ಚಾವಣಿಯ ನಡುವೆ ಮಾತ್ರ ಒಂದು ಗಾಜಿನ ಹಂಚು ಇತ್ತು. ಅದರಿಂದ ನೆಲಕ್ಕೆ ಬೀಳುತ್ತಿದ್ದ ಬಿಸಿಲಿನ ತುಂಡು ಒಂದು ಮಣೆಯಷ್ಟು ಅಗಲ.

ಆ ತುಂಡಿನ ಮೇಲೆಯೇ ಮಾಸ್ತರರು ಶಾಲೆ ನಡೆಸಿದರು. ಬಿಸಿಲು ಯಾರ ಮುಂದೆ ಬಿದ್ದಿದೆಯೋ ಅವರು ಎದ್ದು ಪಾಠ ಓದಬೇಕು. ಅದು ಸರಿದು ಮುಂದಿನವರ ಮುಂದೆ ಹೋದರೆ ಅವರ ಪಾಳಿ. ಗೌಡರ ಮಗನಾಗಲಿ ಕುರಿಯವರ ಮಗನಾಗಲಿ, ಹಿಂದೆ ಮುಂದೆ ಮಾಡುವಂತಿರಲಿಲ್ಲ. "ಪಾಳಿ ಹಚ್ಚಾಂವ ನಾ ಅಲ್ಲ, ಮ್ಯಾಲಿನಾಂವ" ಅಂತ ಹಂಚಿನ ಕಡೆ ಬೆರಳು ತೋರಿಸುತ್ತಿದ್ದರು.

ನಾವು ಹುಡುಗಿಯರು ಕೂಡುತ್ತಿದ್ದುದು ಮೂಡಣ ಗೋಡೆಗೆ. ಬಿಸಿಲು ಅಲ್ಲಿಗೆ ಬರುವಷ್ಟರಲ್ಲಿ ಶಾಲೆ ಬಿಡುವ ಹೊತ್ತು. ಹುಡುಗರು ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲು ನೋಡುತ್ತಿದ್ದರು. ನಾನು ಒಂದೊಂದೇ ಅಕ್ಷರ ಕೂಡಿಸಿ ಓದುವವಳು. ಒಮ್ಮೆ ಗಂಟೆ ಬಾರಿಸಲು ಹೋದವನನ್ನು ಮಾಸ್ತರರು ತಡೆದರು. "ನಿಲ್ಲಲೇ. ಆಕಿ ಪಾನ ಮುಗೀಲಿ. ಬಿಸಲು ಇನ್ನೂ ಆಕಿ ಮುಂದ ಐತಿ." ಆ ಪುಟವನ್ನು ನಾನು ಕೊನೆಯವರೆಗೂ ಓದಿದೆ. ನಮ್ಮ ಮನೆಯಲ್ಲಿ ಅದಕ್ಕೂ ಮೊದಲು ಯಾರೂ ಒಂದು ಪುಟ ಪೂರ್ತಿ ಓದಿದವರಲ್ಲ. ನಮ್ಮಪ್ಪ ಗದಗದ ಪೇಟೆಯ ಅಡತಿ ಅಂಗಡಿಗಳಲ್ಲಿ ಮೆಣಸಿನಕಾಯಿ ಚೀಲ ಹೊರುವ ಹಮಾಲ. ನಾನು ಇಂಜಿನಿಯರಿಂಗ್ ಮುಗಿಸಿದೆ. ಹೇಗೆ ಮುಗಿಸಿದೆ ಎಂಬುದು ಬೇರೆಯೇ ಕತೆ. ಮುಗಿಸಿದೆ ಎಂಬುದನ್ನು ಮಾತ್ರ ಎದೆ ತಟ್ಟಿ ಹೇಳುತ್ತೇನೆ.

ನಾನು ಗದಗದಲ್ಲಿ ಕಟ್ಟಡದ ಕೆಲಸಕ್ಕೆ ಸೇರಿ, ಅಪ್ಪನ ಜೊತೆ ಅಲ್ಲೇ ಮನೆ ಮಾಡಿದ ಮೇಲೆ ಮಾಸ್ತರರ ಫೋನು ಬಂತು. ಹಂಚು ಸೋರುತ್ತವೆ, ತೆಗೆದು ತಗಡು ಹಾಕುತ್ತಾರಂತೆ.

"ತಗಡ ಹಾಕಿದ್ರ ಯುಗಾದಿ ಮುಂದ ಕೂಸುಗೋಳು ಹಂಚಿನ ಮ್ಯಾಲಿನ ರೊಟ್ಟಿ ಆಗತಾವ ಯವ್ವಾ. ಇಷ್ಟ ಕಲ್ತಿಯಲ್ಲ, ಏನರ ಮಾಡ."

ಹಾಲಿನ ಬಣ್ಣದ ಒಂದು ಬಗೆಯ ಹಾಳೆ ಇದೆ ಎಂದು ಹೇಳಿದೆ. ಎರಡು ಪದರು, ನಡುವೆ ಸಣ್ಣ ಸಣ್ಣ ಗೂಡುಗಳಲ್ಲಿ ಗಾಳಿ ಕೂಡಿಹಾಕಿರುತ್ತಾರೆ. ಬೆಳಕು ಸೋಸಿ ಒಳಗೆ ಬರುತ್ತದೆ, ಬೇಗೆ ಬಹುಪಾಲು ಹೊರಗೇ ಉಳಿಯುತ್ತದೆ. ಹಗಲು ದೀಪ ಬೇಡ, ಫ್ಯಾನೂ ಅಷ್ಟಾಗಿ ಬೇಡ. ಬಡಗಣ ಇಳಿಜಾರಿಗೆ ಅದನ್ನು ಹಾಕಿ, ಉಳಿದದ್ದಕ್ಕೆ ಕಾವು ತಡೆಯುವ ದಪ್ಪ ಶೀಟು ಹೊದಿಸಿದರೆ ಸಾಕು.

ಅವರು "ಅಂದ್ರ ಬೆಳಕಿಗಿ ಕೌದಿ ಹೊಚ್ಚಿದಂಗ" ಅಂದರು. ಗಿರಾಕಿಗಳಿಗೆ ಈಗಲೂ ನಾನು ಅದೇ ಮಾತು ಹೇಳುತ್ತೇನೆ.

ಊರವರು "ಪ್ಲಾಸ್ಟಿಕ್ ಶಾಲಿ" ಎಂದು ನಕ್ಕರು. ಪಂಚಾಯತಿಯವರು ಒಪ್ಪುವವರೆಗೆ ಮಾಸ್ತರರು ದಿನಾ ಸಂಜೆ ಹೋಗಿ ಪಂಚಾಯತಿ ಕಟ್ಟೆಯ ಮೇಲೆ ಕೂತರು. ಕೆಲಸ ಮುಗಿದ ದಿನ ಅವರು ಬಗ್ಗಿ ಬಾಗಿಲು ದಾಟಿ, ನಡುವೆ ನಿಂತು ಮೇಲೆ ನೋಡಿದರು. ಮೂಲೆಮೂಲೆಗೂ ಒಂದೇ ಸಮನೆ ಬೆಳಕು. ಮಕ್ಕಳ ಪುಸ್ತಕದ ಮೇಲೆ ಅವರವರ ಕೈಯ ನೆರಳೂ ಇರಲಿಲ್ಲ.

"ಇನ್ನ ನಾ ಪಾಳಿ ಹೆಂಗ ಹಚ್ಚಲಿ? ಎಲ್ಲಾರ ಮುಂದೂ ಬಿದ್ದೈತಲ್ಲ" ಅಂದರು. ಅವರ ಕಣ್ಣು ತೇವವಾಗಿತ್ತು. ಅದು ನನ್ನ ಹೆಸರಿನಲ್ಲಿ ಆದ ಮೊದಲ ಕೆಲಸ. ಪೇಟೆಯಲ್ಲಿ ಸುಗ್ಗಿಯ ಹೊತ್ತು, ಅಪ್ಪನಿಗೆ ಬಿಡುವಿರಲಿಲ್ಲ. ಆಮೇಲೆ ಕರೆದುಕೊಂಡು ಬಂದು ತೋರಿಸುತ್ತೇನೆ ಅಂದುಕೊಂಡೆ.

ಮರುವರ್ಷ ಮತ್ತೆ ಫೋನು. "ಶಾಲ್ಯಾಗ ಕಾರ್ಯಕ್ರಮ ಐತಿ. ನಿಮ್ಮಪ್ಪನ್ನ ಕರಕೊಂಡ ಬಾ." ಅಪ್ಪ ಇಸ್ತ್ರಿ ಮಾಡಿಸಿದ ಅಂಗಿ ಹಾಕಿ, ಹೊಸ ರುಮಾಲು ಸುತ್ತಿ ಬಂದ. ಬಸ್ಸಿನಲ್ಲಿ ಕಂಡವರಿಗೆಲ್ಲ "ಮಗಳು ಕಟ್ಟಿಸಿದ ಶಾಲಿ ನೋಡಾಕ ಹೊಂಟೀನಿ" ಎಂದು ಹೇಳಿದ.

ನಾನು ಮುಂದೆ, ಅಪ್ಪ ಹಿಂದೆ. ಕೋಣೆಗೆ ಕಾಲಿಟ್ಟರೆ ಗವ್ವೆನ್ನುವ ಕತ್ತಲೆ. ಹಿಂದಿನಿಂದ ಠಪ್ಪೆಂದು ಸದ್ದು. ಅಪ್ಪ ಹಣೆ ಬಡಿಸಿಕೊಂಡಿದ್ದ. ರುಮಾಲು ಒತ್ತಿ ಹಿಡಿದು, ಮೇಲೆ ನೋಡಿ, ಮೆಲ್ಲಗೆ ಕೇಳಿದ: "ಬೆಳಕ ಐತಿ ಅಂದಿದ್ದಿಯಲ್ಲ ಯವ್ವಾ?"

ನಾನೂ ಮೇಲೆ ನೋಡಿದೆ. ಹಾಳೆಗಳಿಗೆ ಹೊರಗಿನಿಂದ ಕರಿ ಬಣ್ಣ ಬಳಿದಿದ್ದರು. ಒಂದನ್ನೂ ಬಿಟ್ಟಿರಲಿಲ್ಲ.

ಪಟ್ಟಣದ ದಾನಿಯೊಬ್ಬರು ಪ್ರೊಜೆಕ್ಟರ್ ಕೊಟ್ಟಿದ್ದರು. ಗೋಡೆಯ ಪರದೆಯ ಮೇಲೆ ಗ್ರಹಗಳು ತಿರುಗಿದವು, ಮಕ್ಕಳು ಚಪ್ಪಾಳೆ ಹೊಡೆದರು. ಮಾಸ್ತರರು ದಾನಿಗೆ ಶಾಲು ಹೊದಿಸಿ ಭಾಷಣ ಮಾಡಿದರು. ಚಾವಣಿಯ ಮಾತು ಬರಲಿಲ್ಲ.

ಮಂದಿ ಚಹಾಕ್ಕೆ ಹೋದ ಮೇಲೆ ನಾನು ಕೇಳಿದೆ. "ಸರ್, ಯಾರು ಬಳದ್ರು ಇದನ್ನ?"

"ನಾನ ಬಳಿಸೀನಿ. ಆ ಬೆಳಕಿನ್ಯಾಗ ಚಿತ್ರ ಕಾಣವಲ್ದಾಗಿತ್ತು."

"ನನಗ ಒಂದ ಮಾತ ಕೇಳಬೇಕಿತ್ತಲ್ಲರಿ."

"ಕೇಳಿದ್ರ ನೀ ಬ್ಯಾಡ ಅಂತಿದ್ದಿ. ಅದಕ್ಕ ಕೇಳಲಿಲ್ಲ."

ನಾನು ಮತ್ತೆ ಮೇಲೆ ನೋಡಿದೆ. ಅವರೇ ಮುಂದುವರಿಸಿದರು. "ಇಂಗ್ಲಿಷ್ ಶಾಲಿ ವ್ಯಾನ್ ದಿನಾ ಊರ ಅಗಸಿ ಬಾಗಲ ಮುಂದ ಬಂದ ನಿಲ್ಲತೈತಿ. ವರ್ಷಾ ಹುಡುಗ್ರು ಕಡಿಮಿ ಆಗ್ಯಾರ. ಹಿಂಗ ಆದ್ರ ಶಾಲಿನ ಮುಚ್ಚತಾರ. ಈ ಪರದಿ ನೋಡಿ ನಾಕ ಮಂದಿ ಉಳೀತಾರ ಯವ್ವಾ. ಬೆಳಕ ನೋಡಿ ಯಾರೂ ಹೆಸರ ಹಚ್ಚಂಗಿಲ್ಲ."

"ಶೀಟಿನ ಕೆಳಗ ಒಂದ ಕಂಬಿ ಹಾಕಿ ಕರೇ ಅರಿವಿ ಇಳಿಬಿಟ್ಟಿದ್ರ ಆಗತಿತ್ತು. ಚಿತ್ರ ನೋಡೂ ಮುಂದ ಎಳೀಬೇಕು, ಪಾಠ ಓದೂ ಮುಂದ ಸರಸಬೇಕು. ಅಷ್ಟ ಇತ್ತರಿ ಕೆಲಸ."

ಅವರ ಕೈ ತಾನಾಗಿಯೇ ಹಣೆಯ ಗೆರೆಗೆ ಹೋಯಿತು. "ನನಗ ಹೊಳೀಲಿಲ್ಲ" ಅಂದರು.

ಹೊಳೆಯದಿದ್ದುದಕ್ಕೆ ನನಗೆ ಸಿಟ್ಟಿಲ್ಲ. ನನಗೆ ಬೆಳಕಿನ ಪಾಳಿ ಕಲಿಸಿದ ಮನುಷ್ಯ ನನ್ನ ಪಾಳಿ ಬಂದಾಗ ನನ್ನನ್ನು ಎಬ್ಬಿಸಿ ಕೇಳಲಿಲ್ಲ. ಬೇರೆ ಯಾರು ಬಳಿಸಿದ್ದರೂ ಜಗಳ ಆಡಿ ಮರೆಯುತ್ತಿದ್ದೆ. ವಾಪಸು ಬರುವಾಗ ಅಪ್ಪ ಕಿಟಕಿಯ ಆಚೆ ನೋಡುತ್ತಾ ಕೂತಿದ್ದ. ಬಸ್ಸಿನಲ್ಲಿ ಯಾರಿಗೂ ಏನೂ ಹೇಳಲಿಲ್ಲ.

ಆ ಬಣ್ಣ ತೆಗೆಯಲು ಬರುವುದಿಲ್ಲ. ಕೆರೆದರೆ ಹಾಳೆ ಗೀರುತ್ತದೆ, ಸೀಮೆಎಣ್ಣೆಯಲ್ಲಿ ಒರೆಸಿದರೆ ಕೆಡುತ್ತದೆ. ಕರಿ ಬಣ್ಣ ಬಿಸಿಲನ್ನು ಕುಡಿದು ಕೋಣೆ ಕಾಯತೊಡಗಿತು. ಹಾಡಹಗಲು ಟ್ಯೂಬ್‌ಲೈಟು, ತಲೆಯ ಮೇಲೆ ಫ್ಯಾನು. ಕರೆಂಟು ಹೋದರೆ ಚಿತ್ರವೂ ಇಲ್ಲ, ಅಕ್ಷರವೂ ಕಾಣುವುದಿಲ್ಲ. ಮಕ್ಕಳು ಚೀಲ ಎತ್ತಿಕೊಂಡು ಹೊರಗೆ ಬೇವಿನ ಗಿಡದ ಕೆಳಗೆ ಕೂಡುತ್ತಾರೆ. ಆದರೆ ವ್ಯಾನಿಗೆ ಹೋಗುತ್ತಿದ್ದವರಲ್ಲಿ ಕೆಲವರು ತಿರುಗಿ ಬಂದದ್ದೂ ನಿಜ, ಶಾಲೆ ಇನ್ನೂ ನಡೆದಿದೆ ಎಂಬುದೂ ನಿಜ. ಅದನ್ನು ಬರೆಯದೆ ಬಿಟ್ಟರೆ ನಾನು ನ್ಯಾಯವಂತಳಲ್ಲ.

ಮಾಸ್ತರರು ನಿವೃತ್ತರಾದ ಮೇಲೆ ಹಬ್ಬಕ್ಕೊಮ್ಮೆ ಫೋನು ಮಾಡುತ್ತಿದ್ದರು. "ಆರಾಮ ಅದಿ?" ಎಂದು ಕೇಳುತ್ತಿದ್ದರು. "ಆರಾಮರಿ" ಅನ್ನುತ್ತಿದ್ದೆ. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಅವರು ತೀರಿಕೊಂಡ ಖಬರ ಬಂದಾಗ ಹೋದೆ. ಪದ್ಧತಿಯಂತೆ ಅವರನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂಡ್ರಿಸಿದ್ದರು. ಹಣೆ ತುಂಬ ವಿಭೂತಿ ಬಳಿದಿದ್ದರು, ಗಾಯದ ಗೆರೆ ಎಲ್ಲಿತ್ತೆಂದು ತಿಳಿಯಲಿಲ್ಲ. ಆ ಗೆರೆ ಒಮ್ಮೆ ನೋಡಬೇಕಿತ್ತು ನನಗೆ. ಕಾಲು ಮುಟ್ಟಿ ಹೊರಗೆ ಬಂದೆ. ಸಿಟ್ಟು ಹೋಗಿರಲಿಲ್ಲ, ಈಗಲೂ ಹೋಗಿಲ್ಲ.

ಈಗ ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆಯ ಶಾಲೆಗಳಿಗೂ ಈ ಚಾವಣಿ ಹಾಕಿಸುತ್ತೇನೆ. ನಕಾಶೆಯಲ್ಲಿ ಮೊದಲು ಬರೆಯುವುದು ಹಾಳೆಯ ಕೆಳಗಿನ ಪರದೆಯ ಕಂಬಿ. ಆಮೇಲೆ ಬಾಗಿಲಿನ ಎತ್ತರ. ಮೊನ್ನೆ ಒಬ್ಬ ಮೇಸ್ತ್ರಿ ಕೇಳಿದ: "ಬೆಳಕ ಬರಲಿ ಅಂತ ಮಾಡಿದ್ದಕ್ಕ ಪರದಿ ಯಾಕ್ರಿ ಮೇಡಮ್?"

"ನಮ್ಮ ಮಾಸ್ತರ ಕಲಿಸ್ಯಾರ" ಅಂದೆ.

"ಭಾಳ ಶಾಣ್ಯಾ ಮಾಸ್ತರ ಬಿಡ್ರಿ" ಎಂದು ಅವನು ಕಂಬಿ ಅಳೆಯತೊಡಗಿದ. ಹೌದು ಅಂದೆ. ಹೇಗೆ ಕಲಿಸಿದರು ಎಂಬುದನ್ನು ಹೇಳಲಿಲ್ಲ.