ಮಣ್ಣಿಗೆ ಹೋಗಬೇಕಿದ್ದ ಹಲ್ಲುಗಳು

ಆಗ ನನಗೆ ನಾಲ್ಕು ಊರುಗಳಲ್ಲಿ ನಾಲ್ಕು ಕುರ್ಚಿಗಳಿದ್ದವು. ಹೀಗೆ ಹೇಳಿದರೆ ಏನೋ ದೊಡ್ಡ ಸಂಸ್ಥಾನವೇ ಇತ್ತು ಎನಿಸಬಹುದು. ಮನೆ ಇದ್ದದ್ದು ಚಿಕ್ಕಬಳ್ಳಾಪುರದಲ್ಲಿ. ಸೋಮವಾರ, ಮಂಗಳವಾರ ಅಲ್ಲಿಯೇ. ಬುಧವಾರ ಗೌರಿಬಿದನೂರು, ಗುರುವಾರ ಮತ್ತು ಶುಕ್ರವಾರ ಶಿಡ್ಲಘಟ್ಟ, ಶನಿವಾರ ಚಿಂತಾಮಣಿ. ಒಂದೇ ಊರಿನಲ್ಲಿ ಕೂತರೆ ಹಲ್ಲಿನ ಡಾಕ್ಟರಿಗೆ ನೊಣ ಹೊಡೆಯುವ ಕೆಲಸವೇ ಹೆಚ್ಚು ಎನ್ನುವುದು ಮೊದಲ ವರ್ಷವೇ ಗೊತ್ತಾಗಿತ್ತು. ಹಾಗಾಗಿ ಯಾರದೋ ಔಷಧಿ ಅಂಗಡಿಯ ಹಿಂದೆ, ಇನ್ಯಾರದೋ ಮಹಡಿಯ ಮೇಲೆ ಕೋಣೆ ಹಿಡಿದು ವಾರವನ್ನು ಹಂಚಿಕೊಂಡಿದ್ದೆ. ಇಕ್ಕಳಗಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತರೆ ಟಿಕೆಟ್ ಹರಿಯಲು ಬಂದ ಕಂಡಕ್ಟರ್ ಕೂಡ ಬಾಯಿ ತೆರೆದು, "ಇಲ್ಲೊಂಚೂರು ನೋಡಿ ಮೇಡಂ" ಎನ್ನುತ್ತಿದ್ದ. ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನನಗಿನ್ನೂ ಮೂವತ್ತೆರಡೋ ಮೂವತ್ತಮೂರೋ. ಬಲಗೈ ಮಣಿಕಟ್ಟಿಗೆ ಮಾತ್ರ ಅರವತ್ತಾಗಿತ್ತು.

ಹಲ್ಲು ಉಳಿಸಿಕೊಳ್ಳಬೇಕು ಅಂತ ನನ್ನ ಹತ್ತಿರ ಬರುತ್ತಿದ್ದವರು ಅಪರೂಪ. ಲವಂಗ ಮುಗಿದು, ಹೊಗೆಸೊಪ್ಪು ಮುಗಿದು, ಅಂಗಡಿಯ ಮಾತ್ರೆ ಮುಗಿದು, ಮೂರು ದಿನ ನಿದ್ದೆಗೆಟ್ಟ ಮೇಲೆ ಕೆನ್ನೆ ಹಿಡಿದುಕೊಂಡು ಬರುತ್ತಿದ್ದರು. "ಕಿತ್ತಾಕ್ಬಿಡಿ ಡಾಕ್ಟ್ರಮ್ಮ, ನಂಗೆ ಸಾಕಾಗೋಯ್ತು." ಸಾಕಾಗಿದ್ದು ನನಗೂ. ಕಾಲೇಜಿನಲ್ಲಿ ಐದು ವರ್ಷ ಕಲಿತದ್ದರಲ್ಲಿ ಕೀಳುವುದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ತುಕ್ಕು ಹಿಡಿಯುತ್ತಿತ್ತು. ಕುರ್ಚಿಯಲ್ಲಿ ಕೂತವರು ಹೆದರಿಕೆಗೆ ಮಾತಾಡುತ್ತಲೇ ಇರುತ್ತಿದ್ದರು. ಮಗಳ ಬಾಣಂತನ, ರೇಷ್ಮೆ ಹುಳುವಿಗೆ ಬಂದ ರೋಗ, ಎಲ್ಲ. ನಾನು ಸೂಜಿಗೆ ಔಷಧಿ ಎಳೆಯುತ್ತ, ಒಂದು ಕಣ್ಣನ್ನು ಗಡಿಯಾರದ ಮೇಲಿಟ್ಟು, "ಆಯ್ತಮ್ಮ, ಆಯ್ತು" ಎನ್ನುತ್ತಿದ್ದೆ. ಕಿವಿಗೆ ಏನೂ ಬೀಳುತ್ತಿರಲಿಲ್ಲ. ಆ ಹೂಂಗುಟ್ಟುವಿಕೆ ನನ್ನ ಕೆಲಸದ ಒಂದು ಭಾಗವೇ ಆಗಿಹೋಗಿತ್ತು.

ಹೀಗಿರುವಾಗ ನನ್ನ ಸಹಪಾಠಿಯೊಬ್ಬ ಬೆಂಗಳೂರಿನಿಂದ ಬಂದ. ಅವನು ಮುಂದೆ ಓದುತ್ತ ಸಂಶೋಧನೆಗೆ ಕೈಹಾಕಿದ್ದ. ನಮ್ಮ ಕಡೆಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು, ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಕಾಣುವುದು ಅದರಿಂದಲೇ ಎನ್ನುವುದು ಹೊಸ ವಿಷಯವೇನಲ್ಲ. ಅವನಿಗೆ ಬೇಕಾಗಿದ್ದುದು ಯಾವ ಊರಿನವರ ಹಲ್ಲಿನೊಳಗೆ ಅದು ಎಷ್ಟು ಇಳಿದಿದೆ ಎನ್ನುವ ಲೆಕ್ಕ.

"ಹಲ್ಲು ಮೂಡುವಾಗ ಯಾವ ನೀರು ಕುಡಿದಿರ್ತಾರೋ ಅದು ಒಳಗೇ ಕೂತಿರತ್ತೆ ಕಣೇ" ಅಂದ. "ನೀನು ಹೆಂಗೂ ಕೀಳ್ತೀಯ, ಬಕೆಟ್ಟಿಗೆ ಎಸೀತೀಯ. ಎಸೀಬೇಡ. ಊರಿಗೊಂದು ಬಾಟ್ಲಿ ಇಡು, ಅಷ್ಟೇ."

ನನಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ತುಂಬ ಖುಷಿಯಾಯಿತು. ನಾನು ದಿನವೂ ಬಕೆಟ್ಟಿಗೆ ಎಸೆಯುತ್ತಿದ್ದುದಕ್ಕೆ ಬೆಂಗಳೂರಿನಲ್ಲಿ ಬೆಲೆ ಇದೆ ಎಂದಾಗ ಕೈನೋವು ಒಂದು ವಾರ ಕಡಿಮೆಯಾಗಿತ್ತು. ಉಪ್ಪಿನಕಾಯಿ ಬಾಟಲಿಗಳನ್ನು ತೊಳೆದು, ಅವನು ಕೊಟ್ಟ ಔಷಧಿ ನೀರು ತುಂಬಿ, ಕಾಗದ ಅಂಟಿಸಿ ಊರಿನ ಹೆಸರು ಬರೆದೆ. ಗೌರಿಬಿದನೂರು ಒಂದು, ಶಿಡ್ಲಘಟ್ಟ ಪೇಟೆ ಒಂದು, ಮೇಲೂರು ಒಂದು, ಚಿಂತಾಮಣಿಗೆ ಬರುವ ಕೆಂಚಾರ್ಲಹಳ್ಳಿಯವರದು ಒಂದು. ತಿಂಗಳಿಗೊಮ್ಮೆ ಅವನೇ ಬಂದು ಬಾಟಲಿಗಳನ್ನು ಕೊಂಡೊಯ್ಯುತ್ತಿದ್ದ. ಯಾರ ಹಲ್ಲೋ ಅವರನ್ನು ಒಂದು ಮಾತು ಕೇಳಬೇಕೆಂದು ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಕಿತ್ತ ಹಲ್ಲು ಯಾರಿಗೆ ಬೇಕು?

ಶಿಡ್ಲಘಟ್ಟದ ನನ್ನ ಕೋಣೆ ಒಂದು ಮಹಡಿಯ ಮೇಲಿತ್ತು. ಕಿಟಕಿ ತೆಗೆದರೆ ರೇಷ್ಮೆ ಗೂಡು ಬೇಯಿಸುವ ವಾಸನೆ, ಮುಚ್ಚಿದರೆ ಸೆಕೆ. ಒಂದು ಗುರುವಾರ ಅರವತ್ತರ ಆಸುಪಾಸಿನ ಒಬ್ಬ ಅಮ್ಮ ಮೆಟ್ಟಿಲು ಹತ್ತಿ ಬಂದರು. ರೇಷ್ಮೆ ನೂಲಿಗೆ ಹುರಿ ಹಾಕುವ ಕಾರ್ಖಾನೆಯಲ್ಲಿ ಕೆಲಸ. ಮನೆಯಲ್ಲಿ ಉರ್ದು, ಕಾರ್ಖಾನೆಯಲ್ಲಿ ತೆಲುಗು, ನನ್ನ ಜೊತೆ ಕನ್ನಡ. ಹೆಂಗಸು ಡಾಕ್ಟರು ಅಂತ ಕೇಳಿಯೇ ಬಂದಿದ್ದರು. ಬುರ್ಖಾ ಸರಿಸಿ ಬಾಯಿ ತೆರೆದರೆ ಒಸಡು ಕರಗಿ ಹೋಗಿತ್ತು. ಉಳಿದಿದ್ದ ಹದಿನಾಲ್ಕು ಹಲ್ಲುಗಳು ಗಾಳಿಗೆ ಅಲ್ಲಾಡುವಂತಿದ್ದವು. ಮೇಲಿನ ಮುಂದಿನ ಹಲ್ಲಿನ ಅಂಚಿನಲ್ಲಿ ಗರಗಸದಿಂದ ಕೊಯ್ದ ಹಾಗೆ ಒಂದು ಸಣ್ಣ ಕಚ್ಚು. ನೂಲು ತುಂಡಾದಾಗಲೆಲ್ಲ ಗಂಟು ಹಾಕಿ, ಮಿಕ್ಕ ತುದಿಯನ್ನು ಹಲ್ಲಿನಿಂದ ಕಡಿದು ಕಡಿದು ಆದದ್ದು. ನನ್ನ ಪುಸ್ತಕದಲ್ಲಿ ಅದನ್ನು ಬರೆದುಕೊಂಡೆ. ಎಲ್ಲವನ್ನೂ ತೆಗೆದು ಕೃತಕ ಹಲ್ಲಿನ ಪೂರ್ತಿ ಸೆಟ್ ಕಟ್ಟಬೇಕು ಎಂದೆ.

ಅವರು ಏನೋ ತುಂಬ ಹೊತ್ತು ಹೇಳಿದರು. ನಾನು ಬಾಯಿಯ ಅಚ್ಚು ತೆಗೆಯುವ ತಟ್ಟೆ ಹುಡುಕುತ್ತಿದ್ದೆ. "ಆಯ್ತಮ್ಮ, ಆಯ್ತು" ಎಂದೆ.

ಐದು ವಾರದಲ್ಲಿ ಎಲ್ಲ ಹಲ್ಲೂ ಕಿತ್ತಾಯಿತು. ಕಿತ್ತ ಮೇಲೆ ಹತ್ತಿಯನ್ನು ಬಿಗಿಯಾಗಿ ಕಚ್ಚಿ ಅರ್ಧ ಗಂಟೆ ಮಾತಾಡಬಾರದು. ಅವರು ಬಾಯಿ ಮುಚ್ಚಿಕೊಂಡೇ, ನಾನು ಹಲ್ಲನ್ನು ಬಾಟಲಿಗೆ ಹಾಕುವುದನ್ನು ನೋಡುತ್ತಿದ್ದರು. ತಲೆಯಾಡಿಸಿ ಹೋಗುತ್ತಿದ್ದರು. ಎಷ್ಟು ಜೋಪಾನ ಮಾಡುತ್ತಾಳೆ ಈ ಹುಡುಗಿ ಎಂದುಕೊಂಡಿರಬೇಕು.

ಒಸಡು ಮಾಗಿ, ಸೆಟ್ ಸಿದ್ಧವಾಗಿ, ಅದನ್ನು ಕೂರಿಸಿದ ದಿನ ಕನ್ನಡಿ ಹಿಡಿದು ನೋಡಿಕೊಂಡು ನಕ್ಕರು. ಹತ್ತು ವರ್ಷ ಕಡಿಮೆಯಾದವರ ಹಾಗೆ ಕಂಡರು. ಆಮೇಲೆ ಕೈಚೀಲದಿಂದ ಒಗೆದು ಮಡಿಸಿದ ಬಿಳಿ ಬಟ್ಟೆಯೊಂದನ್ನು ತೆಗೆದು ನನ್ನ ಮುಂದೆ ಹಾಸಿದರು.

"ಈಗ ನನ್ನ ಹಲ್ಲು ಕೊಟ್ಬಿಡು ಬೇಟಿ. ಮೊದಲ್ನೇ ದಿನಾನೇ ಹೇಳಿದ್ನಲ್ಲ, ಎಲ್ಲಾ ಒಟ್ಟಿಗೆ ತಗೊಂಡೋಗ್ತೀನಿ ಅಂತ. ಒಂದೊಂದಕ್ಕೂ ಮಣ್ಣು ಅಗೆಯೋಕಾಗತ್ತಾ? ನಮ್ಮಲ್ಲಿ ಮೈಯಿಂದ ಬಿದ್ದಿದ್ದನ್ನ ಎಲ್ಲಂದ್ರಲ್ಲಿ ಎಸೆಯಂಗಿಲ್ಲ. ಕೂದಲಾಗ್ಲಿ, ಉಗುರಾಗ್ಲಿ, ಮಣ್ಣಿಗೆ ಹಾಕ್ಬೇಕು. ನಮ್ಮತ್ತೆದು ನಾನೇ ಹಾಕಿದ್ದೆ."

ಶಿಡ್ಲಘಟ್ಟದ ಬಾಟಲಿ ಬೆಂಗಳೂರಿಗೆ ಹೋಗಿ ಎರಡು ತಿಂಗಳ ಮೇಲಾಗಿತ್ತು. ಆಗಲೇ ನಿಜ ಹೇಳಿಬಿಟ್ಟಿದ್ದರೆ ಏನಾಗುತ್ತಿತ್ತು? ಬೈಯುತ್ತಿದ್ದರು, ಅಳುತ್ತಿದ್ದರು, ಅಷ್ಟೇ ತಾನೇ? ಹೊರಗೆ ಬೆಂಚಿನ ಮೇಲೆ ಆರು ಜನ ಕೆನ್ನೆ ಹಿಡಿದು ಕೂತಿದ್ದರು. ನನಗೆ ದಣಿವಾಗಿತ್ತು. "ಮನೆಯಲ್ಲಿಟ್ಟಿದ್ದೀನಮ್ಮ, ಮುಂದಿನ ವಾರ ತರ್ತೀನಿ" ಎಂದೆ.

ಎಸ್‌ಟಿಡಿ ಬೂತಿನಿಂದ ಸಹಪಾಠಿಗೆ ಮೂರು ದಿನ ಪ್ರಯತ್ನಪಟ್ಟೆ. ಸಿಗಲಿಲ್ಲ. ಬುಧವಾರ ಗೌರಿಬಿದನೂರಿನ ಕೋಣೆಯಲ್ಲಿ ಅಲ್ಲಿಯ ಬಾಟಲಿ ತುಂಬಿ ಕೂತಿತ್ತು. ಅದನ್ನು ನೋಡುತ್ತ ನೋಡುತ್ತ ನನಗೆ ಆ ಬುದ್ಧಿ ಬಂತು. ಹಲ್ಲು ಹಲ್ಲೇ ತಾನೇ, ಮಣ್ಣಿನೊಳಗೆ ಹೋದ ಮೇಲೆ ಯಾರು ನೋಡುತ್ತಾರೆ? ಹದಿನಾಲ್ಕನ್ನು ಆರಿಸಿ, ಉಜ್ಜಿ ತೊಳೆದು, ಹತ್ತಿಯಲ್ಲಿ ಸುತ್ತಿಟ್ಟೆ. ಮರುದಿನ ಶಿಡ್ಲಘಟ್ಟದಲ್ಲಿ ಅವರ ಬಿಳಿ ಬಟ್ಟೆಗೆ ಅವನ್ನು ಹಾಕಿದಾಗ, ಅವರು ಎರಡೂ ಕೈಯಿಂದ ನನ್ನ ತಲೆ ಸವರಿ ಬೆರಳು ನೆಟಿಗೆ ಮುರಿದರು. ಆ ಮಧ್ಯಾಹ್ನ ನನಗೆ ಊಟ ಸೇರಲಿಲ್ಲ ಎಂದು ಬರೆಯಬೇಕು. ಆದರೆ ಚೆನ್ನಾಗಿಯೇ ಸೇರಿತು. ಒಂದು ತಲೆನೋವು ಕಳೆಯಿತು ಎನ್ನುವುದಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು.

ಶುಕ್ರವಾರ ಬೆಳಿಗ್ಗೆ ನಾನು ಬಾಗಿಲು ತೆಗೆಯುವ ಮೊದಲೇ ಅವರು ಮೆಟ್ಟಿಲ ಮೇಲೆ ಕೂತಿದ್ದರು. ಒಳಗೆ ಬಂದು ಬಟ್ಟೆ ಬಿಚ್ಚಿ ಹಲ್ಲುಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿದರು.

"ಮಣ್ಣಿಗೆ ಹಾಕೋ ಮುಂಚೆ ತೊಳೆಯಣ ಅಂತ ತೆಗೆದೆ. ಇವು ನನ್ನವಲ್ಲ ಬೇಟಿ."

"ನಿಮ್ಮವೇ ಅಮ್ಮ" ಎಂದೆ.

"ಹಂಗಾದ್ರೆ ದಾರದ್ದು ಎಲ್ಲಿ?"

ನಾನೇ ನೋಡಿದ್ದ ಕಚ್ಚು, ನಾನೇ ಬರೆದುಕೊಂಡಿದ್ದ ಕಚ್ಚು. ಹದಿನಾಲ್ಕನ್ನು ಆರಿಸುವಾಗ ಅದು ನನ್ನ ನೆನಪಿಗೇ ಬಂದಿರಲಿಲ್ಲ. ಆದರೂ ಬಾಯಿ ತಾನಾಗಿ ಸುಳ್ಳನ್ನೇ ಮುಂದುವರಿಸಿತು: ಔಷಧಿ ನೀರಿನಲ್ಲಿ ಸವೆದಿದೆ, ಬಣ್ಣ ಬದಲಾಗಿದೆ, ನಿಮ್ಮವೇ, ನನ್ನ ಕೈಯಾರೆ ತೆಗೆದಿದ್ದಲ್ಲವೇ? ಅವರು ಒಂದು ಹಲ್ಲನ್ನು ಎತ್ತಿ ಬೆಳಕಿಗೆ ಹಿಡಿದರು. ಅದರ ಮೇಲೆ ಕಂದು ಪಟ್ಟೆಯಿತ್ತು.

"ಇವರು ಬೇರೆ ನೀರು ಕುಡಿದವ್ರು" ಎಂದರು. ನನ್ನ ಸಹಪಾಠಿ ಪುಡಿ ಮಾಡಿ, ತೂಗಿ, ಯಂತ್ರಕ್ಕೆ ಹಾಕಿ ತಿಳಿಯುತ್ತಿದ್ದುದನ್ನು ಆಕೆ ಕಿಟಕಿಯ ಬೆಳಕಿನಲ್ಲೇ ಓದಿಬಿಟ್ಟರು. ಆಮೇಲೆ, ಸಿಟ್ಟಿಲ್ಲದೆ, ಚಿಂತೆಯಿಂದ ಕೇಳಿದರು: "ಯಾರವೋ ಏನೋ ಪಾಪ. ಅವರಿಗೂ ಬೇಕಲ್ವಾ?"

ನಾನು ತಲೆ ತಗ್ಗಿಸಿದೆ. ಅದಲುಬದಲಾಗಿದೆ, ನಿಮ್ಮವು ಬೆಂಗಳೂರಿನಲ್ಲಿವೆ, ತಂದುಕೊಡುತ್ತೇನೆ ಎಂದೆ. ಅದೂ ಪೂರ್ತಿ ನಿಜವಲ್ಲ, ಆದರೆ ತರುವ ಮನಸ್ಸಂತೂ ನಿಜವಾಗಿಯೂ ಇತ್ತು.

ಸೋಮವಾರ ಚಿಕ್ಕಬಳ್ಳಾಪುರದ ಕೋಣೆಗೆ ಬೀಗ ಹಾಕಿ ಬೆಂಗಳೂರಿನ ಬಸ್ಸು ಹತ್ತಿದೆ. ಸಹಪಾಠಿ ಬಿಳಿ ಕೋಟಿನಲ್ಲಿ ಸಂಭ್ರಮದಿಂದ ಎದುರುಗೊಂಡು, ಕಾಫಿ ಕುಡಿಸಿ, ತನ್ನ ಯಂತ್ರ ತೋರಿಸಿದ. ನಾನು ಬಂದ ಕೆಲಸ ಹೇಳಿದೆ.

"ಹಲ್ಲು ವಾಪಸ್ಸಾ?" ಅವನು ನಕ್ಕ. ನಾನು ನಗದಿದ್ದುದನ್ನು ನೋಡಿ ನಿಲ್ಲಿಸಿದ. "ಶಿಡ್ಲಘಟ್ಟದ್ದೆಲ್ಲ ಮುಗೀತು ಕಣೇ. ಪುಡಿ ಮಾಡಿ ಆಸಿಡ್‌ನಲ್ಲಿ ಕರಗಿಸಿ ಅಳೆದಾಯ್ತು. ಉಳಿದಿದ್ದು ಸಿಂಕಿಗೆ."

ಅವನು ತೋರಿಸಿದ ಸಿಂಕಿನ ಮುಂದೆ ಸ್ವಲ್ಪ ಹೊತ್ತು ನಿಂತಿದ್ದೆ. ಪಕ್ಕದಲ್ಲಿ ಸೋಪಿನ ತುಂಡು, ಒದ್ದೆ ಟವೆಲ್ಲು. ಅವನ ಮೇಲೆ ಸಿಟ್ಟು ಬಂತು, ಆದರೆ ಯಾವ ಮುಖ ಇಟ್ಟುಕೊಂಡು ಬೈಯಲಿ? ಬಾಟಲಿಗೆ ಊರಿನ ಹೆಸರು ಅಂಟಿಸಿದವಳು ನಾನು. ಮನುಷ್ಯರ ಹೆಸರಿಗೆ ಅದರ ಮೇಲೆ ಜಾಗ ಇಟ್ಟಿರಲಿಲ್ಲ.

ಗುರುವಾರ ಎಲ್ಲವನ್ನೂ ಹೇಳಿದೆ. ಬೆಂಚಿನ ಮೇಲಿದ್ದವರನ್ನು ಕಾಯಿಸಿ, ಬಾಗಿಲು ಮುಂದೆ ಮಾಡಿ, ಮೊದಲಿನಿಂದ ಕೊನೆಯವರೆಗೆ. ಕೇಳದೆ ಕಳಿಸಿದ್ದು, ಬೇರೆಯವರದನ್ನು ಕೊಟ್ಟಿದ್ದು, ಗೊತ್ತಿದ್ದೂ ನಿಮ್ಮವೇ ಎಂದಿದ್ದು, ಸಿಂಕಿನ ತನಕ. ಅವರು ಹೊಸ ಹಲ್ಲುಗಳನ್ನು ಹಾಕಿಕೊಂಡೇ ಬಂದಿದ್ದರು. ಕೆನ್ನೆ ತುಂಬಿಕೊಂಡು ಚೆನ್ನಾಗಿ ಕಾಣುತ್ತಿದ್ದರು. ಹಿಂದಿನ ದಿನ ಕಡಲೆಕಾಯಿ ತಿಂದೆ ಅಂತ ಬರುವಾಗಲೇ ಹೇಳಿದ್ದರು.

"ಎಲ್ಲಾನೂ ಹೋಯ್ತಾ?"

"ಎಲ್ಲಾನೂ ಅಮ್ಮ."

ಅವರ ಕೈ ನಿಧಾನವಾಗಿ ಬಾಯಿಯ ಹತ್ತಿರ ಹೋಯಿತು.

"ಹಂಗಾದ್ರೆ ಇವು ಯಾರವು?"

ನನಗೆ ಮೊದಲು ಅರ್ಥವೇ ಆಗಲಿಲ್ಲ. ಬಾಯಲ್ಲಿದ್ದ ಸೆಟ್ಟನ್ನೂ ಯಾರದೋ ಹಲ್ಲಿನಿಂದ ಕಟ್ಟಿದ್ದು ಎಂದುಕೊಂಡಿದ್ದರು. ಗಡಿಬಿಡಿಯಲ್ಲಿ ಡ್ರಾಯರ್ ಎಳೆದು, ಕಂಪನಿಯಿಂದ ಬರುವ ಹಲ್ಲುಗಳ ಪೊಟ್ಟಣ ತೆಗೆದೆ. ಮೇಣದ ಪಟ್ಟಿಗೆ ಅಂಟಿಸಿದ ಹೊಚ್ಚಹೊಸ ಪ್ಲಾಸ್ಟಿಕ್ ಹಲ್ಲುಗಳ ಸಾಲು. ನೋಡಿ, ಇವು ಯಾರ ಬಾಯಿಂದಲೂ ತೆಗೆದಿದ್ದಲ್ಲ, ಫ್ಯಾಕ್ಟರಿಯಲ್ಲಿ ಅಚ್ಚು ಹಾಕಿ ಮಾಡೋದು, ಬಳೆ ಮಾಡಿದ ಹಾಗೆ, ಆಣೆ ಮಾಡಿ ಹೇಳ್ತೀನಿ ಎಂದೆ. ಅವರು ಪಟ್ಟಿಯನ್ನು ನೋಡಿದರು, ನನ್ನ ಮುಖವನ್ನೂ ನೋಡಿದರು.

"ಆವತ್ತು ಅವೂ ನನ್ನವೇ ಅಂತ ಹೇಳಿದ್ಯಲ್ಲ ಬೇಟಿ."

ಗೋಡೆಯ ಕಡೆ ತಿರುಗಿ, ತಲೆಯ ಮೇಲಿನ ಬಟ್ಟೆ ಮುಂದೆಳೆದುಕೊಂಡು, ಮೇಲಿನದು ಕೆಳಗಿನದು ಎರಡನ್ನೂ ತೆಗೆದರು. ನನ್ನ ನಲ್ಲಿಯಲ್ಲೇ ಚೆನ್ನಾಗಿ ತೊಳೆದು, ಸೆರಗಿನಿಂದ ಒರೆಸಿ ಮೇಜಿನ ಮೇಲಿಟ್ಟರು. ಹಲ್ಲಿಲ್ಲದ ಬಾಯಿಂದ ಮಾತು ತೊದಲುತ್ತಿತ್ತು, ಆದರೂ ಸ್ಪಷ್ಟವಾಗಿಯೇ ಕೇಳಿಸಿತು. "ಯಾರದಾದ್ರೂ ಆಗಿದ್ರೆ ಅವರಿಗೆ ಕೊಟ್ಬಿಡು."

ಎಷ್ಟು ಬೇಡಿಕೊಂಡರೂ ತೆಗೆದುಕೊಳ್ಳಲಿಲ್ಲ. ಮರುವಾರ ಅವರ ಮನೆಗೇ ಕೊಂಡುಹೋದೆ. ಟೀ ಕೊಟ್ಟರು, ಹಲ್ಲಿನ ಮಾತು ಎತ್ತಲು ಬಿಡಲಿಲ್ಲ. ಸಹಪಾಠಿಯ ಸಂಶೋಧನೆ ಮುಗಿಯಿತಂತೆ. ಯಾವ ಊರಿನ ಹಲ್ಲಿನಲ್ಲಿ ಎಷ್ಟು ಸಿಕ್ಕಿತು ಎಂದು ನಾನು ಕೇಳಲಿಲ್ಲ, ಅವನಿಗೆ ಬಾಟಲಿ ಕೊಡುವುದನ್ನೂ ನಿಲ್ಲಿಸಿಬಿಟ್ಟೆ.

ಆಮೇಲೂ ನಾಲ್ಕೈದು ವರ್ಷ ಶಿಡ್ಲಘಟ್ಟಕ್ಕೆ ಹೋದೆ. ಗುರುವಾರ ಬಸ್ಸಿಳಿದು ಬರುವಾಗ ಕಾರ್ಖಾನೆಯ ಎದುರಿನ ಟೀ ಅಂಗಡಿಯ ಹತ್ತಿರ ಅವರು ಎಷ್ಟೋ ಸಲ ಸಿಗುತ್ತಿದ್ದರು. ಬನ್ನನ್ನು ಟೀಯಲ್ಲಿ ನೆನೆಸಿ ನೆನೆಸಿ, ಒಸಡಿನಲ್ಲೇ ಅಗಿಯುತ್ತಿದ್ದರು. ನನ್ನನ್ನು ಕಂಡರೆ ಒಂದು ಕೈಯಿಂದ ಬಾಯಿ ಮುಚ್ಚಿಕೊಂಡು ಇನ್ನೊಂದು ಕೈಯೆತ್ತಿ ಸಲಾಂ ಮಾಡುತ್ತಿದ್ದರು. ಒಂದು ಸಲವಾದರೂ ಬೀದಿಯಲ್ಲಿ ನಿಲ್ಲಿಸಿ ಬೈದುಬಿಡಲಿ ಎಂದು ಕಾಯುತ್ತಿದ್ದೆ. ಅವರು ಬೈಯಲಿಲ್ಲ. ಚೆನ್ನಾಗಿದ್ದೀಯಾ ಎಂದಷ್ಟೇ ಕೇಳಿ, ನಾನು ಉತ್ತರ ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳುತ್ತಿದ್ದರು.